ಸೂಟ್‌ಕೇಸ್ ತೂಗುವ ಕೈತಕ್ಕಡಿ: ಕೊಳ್ಳುವ ಮುನ್ನ, ಮನೆ ಬಿಡುವ ಮುನ್ನ

ವಿದೇಶಕ್ಕೆ ಹೊರಟವರ ಮನೆಯಲ್ಲಿ ಕೊನೆಯ ಎರಡು ದಿನ ಮತ್ತೆ ಮತ್ತೆ ಏಳುವ ಪ್ರಶ್ನೆ ಒಂದೇ: ಇದು ಹಿಡಿಸುತ್ತದೆಯೋ ಇಲ್ಲವೋ? ಜಾಗ ಸಾಲದಿದ್ದರೆ ಕಣ್ಣಿಗೆ ಕಾಣುತ್ತದೆ, ಜಿಪ್ ಹಾಕಲಾಗುವುದಿಲ್ಲ. ತೂಕ ಹಾಗಲ್ಲ. ಸಲೀಸಾಗಿ ಜಿಪ್ ಹಾಕಿಸಿಕೊಂಡ ಸೂಟ್‌ಕೇಸೇ ಏರ್‌ಪೋರ್ಟ್ ಕೌಂಟರಿನಲ್ಲಿ 23 ಕೆಜಿ ಮಿತಿ ದಾಟಿ 25.4 ಎಂದು ತೋರಿಸುತ್ತದೆ. ಹಿಂದೆ ಸಾಲಿನಲ್ಲಿ ನಿಂತವರ ಕಣ್ಣೆದುರು ನೆಲದ ಮೇಲೆ ಬ್ಯಾಗ್ ಬಿಚ್ಚಿ ಕೂರುವ ಪರಿಸ್ಥಿತಿ ಬರಬಾರದು ಎಂದರೆ ಮನೆಯಲ್ಲೇ ತೂಗಬೇಕು. ಅದಕ್ಕಾಗಿ ಸಿಗುವ ಅಂಗೈ ಅಗಲದ ಡಿಜಿಟಲ್ ಕೈತಕ್ಕಡಿಯ ವಿಮರ್ಶೆ ಇದು. ಒಂದೇ ಕಂಪನಿಯ ಮಾಲಿನ ಬಗ್ಗೆ ಬರೆಯುತ್ತಿಲ್ಲ. ಮುನ್ನೂರರಿಂದ ಸಾವಿರ ರೂಪಾಯಿಯೊಳಗೆ ಹತ್ತಾರು ಹೆಸರಿನಲ್ಲಿ ಮಾರಾಟವಾಗುವ ಇವುಗಳ ಹೊಟ್ಟೆಯೊಳಗೆ ಇರುವುದು ಹೆಚ್ಚುಕಡಿಮೆ ಒಂದೇ ಬಗೆಯ ಯಂತ್ರ.

ನನ್ನ ತೀರ್ಪು ಮೊದಲೇ ಹೇಳಿಬಿಡುತ್ತೇನೆ. ವರ್ಷಕ್ಕೊಮ್ಮೆಯಾದರೂ ವಿದೇಶ ಪ್ರಯಾಣ ಇರುವ ಮನೆಗೆ ಇದು ಬೇಕೇ ಬೇಕು. ಆದರೆ ಡಬ್ಬಿಯಿಂದ ತೆಗೆದು ನೇರವಾಗಿ ಸೂಟ್‌ಕೇಸಿಗೆ ಸಿಕ್ಕಿಸಿ ಬಂದ ಅಂಕಿಯನ್ನು ನಂಬಬೇಡಿ. ತಕ್ಕಡಿಯನ್ನೇ ಒಮ್ಮೆ ಪರೀಕ್ಷೆ ಮಾಡಿಟ್ಟುಕೊಂಡವರಿಗೆ ಮಾತ್ರ ಅದು ನಿಜ ಹೇಳುತ್ತದೆ.

ಒಳಗಿರುವುದು ಒಂದು ಪುಟ್ಟ ಲೋಹದ ತುಂಡು. ಭಾರ ಬಿದ್ದಾಗ ಅದು ಕೂದಲೆಳೆಯಷ್ಟು ಬಾಗುತ್ತದೆ. ಅದಕ್ಕೆ ಅಂಟಿಸಿದ ತಂತಿಯ ವಿದ್ಯುತ್ ರೋಧ ಆ ಬಾಗುವಿಕೆಗೆ ತಕ್ಕಂತೆ ಬದಲಾಗುತ್ತದೆ, ಆ ಬದಲಾವಣೆಯೇ ಕೆಜಿಯಾಗಿ ಪರದೆಯ ಮೇಲೆ ಬರುತ್ತದೆ. ಸಾಮಾನ್ಯವಾಗಿ 50 ಕೆಜಿವರೆಗೆ ತೂಗುತ್ತದೆ, 10 ಗ್ರಾಂ ಅಂತರದಲ್ಲಿ ಅಂಕಿ ತೋರಿಸುತ್ತದೆ. ಇಲ್ಲೇ ಒಂದು ತಪ್ಪು ತಿಳಿವಳಿಕೆ ಹುಟ್ಟುತ್ತದೆ. 22.87 ಎಂದು ಎರಡು ದಶಮಾಂಶ ಕಂಡಾಕ್ಷಣ ಅಷ್ಟು ನಿಖರ ಎಂದಲ್ಲ. ತೋರಿಸುವ ಅಂತರ 10 ಗ್ರಾಂ ಇದ್ದರೂ 20 ಕೆಜಿ ಮೇಲೆ ತಪ್ಪು ನೂರು, ಇನ್ನೂರು ಗ್ರಾಂ ಇರಬಹುದು.

ಕೊಳ್ಳುವಾಗ ಮೊದಲು ನೋಡಬೇಕಾದದ್ದು ಸಿಕ್ಕಿಸುವ ಭಾಗ. ಕಬ್ಬಿಣದ ಕೊಕ್ಕೆಯ ಮಾದರಿ ಅಗ್ಗ, ಆದರೆ ಈಗಿನ ಸೂಟ್‌ಕೇಸುಗಳ ದಪ್ಪ ರಬ್ಬರ್ ಹಿಡಿ ಆ ಕೊಕ್ಕೆಯೊಳಗೆ ಹೋಗುವುದಿಲ್ಲ. ತುದಿಯಲ್ಲಿ ಮಾತ್ರ ಸಿಕ್ಕಿಕೊಂಡು ಎತ್ತಿದಾಗ ಜಾರುತ್ತದೆ, 23 ಕೆಜಿ ಪಾದದ ಮೇಲೆ ಬೀಳುತ್ತದೆ. ಅಗಲವಾದ ನೈಲಾನ್ ಪಟ್ಟಿ, ಅದರ ತುದಿಗೆ ಬಕಲ್ ಇರುವ ಮಾದರಿಯೇ ಒಳ್ಳೆಯದು. ಪಟ್ಟಿಯನ್ನು ಹಿಡಿಯ ಕೆಳಗಿಂದ ತೂರಿಸಿ ಬಕಲ್ ಹಾಕಿದರೆ ಮುಗಿಯಿತು. ಎರಡನೆಯದು ಕೈಹಿಡಿ. ಎರಡೂ ಕೈಯಲ್ಲಿ ಹಿಡಿದು ಎತ್ತುವಷ್ಟು ಅಗಲ ಇರಲಿ. ಒಂದೇ ಕೈಯಲ್ಲಿ ಮುಷ್ಟಿ ಕಟ್ಟುವ ಚಿಕ್ಕ ಮಾದರಿಯಲ್ಲಿ 20 ಕೆಜಿ ದಾಟಿದ ಮೇಲೆ ಕೈ ನಡುಗುತ್ತದೆ, ಅಂಕಿಯೂ ಅದರ ಜೊತೆ ಕುಣಿಯುತ್ತದೆ. ಮೂರನೆಯದು ಅಂಕಿ ಹಿಡಿದಿಡುವ ಸೌಲಭ್ಯ: ತೂಕ ಸ್ಥಿರವಾದ ಕೂಡಲೇ ಬೀಪ್ ಎಂದು ಅಂಕಿ ನಿಲ್ಲಬೇಕು. ಇದಿಲ್ಲದ ಯಂತ್ರ ಬೇಡ. ಎತ್ತಿ ಹಿಡಿದು ಬಗ್ಗಿ ಓದುವುದು ಸೊಂಟಕ್ಕೆ ಒಳ್ಳೆಯದಲ್ಲ. ಉಷ್ಣಾಂಶ ತೋರಿಸುವುದು, ಬಣ್ಣದ ದೀಪ ಇವೆಲ್ಲ ಅಲಂಕಾರ. ಕೆಲವು ಮಾದರಿಗಳಲ್ಲಿ ಪುಟ್ಟ ಅಳತೆ ಟೇಪ್ ಇರುತ್ತದೆ, ಅದು ಮಾತ್ರ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಯಾಕೆಂದು ಮುಂದೆ ಹೇಳುತ್ತೇನೆ.

ಹೊಸ ತಕ್ಕಡಿ ಆನ್ ಆಗದಿದ್ದರೆ ಕೆಟ್ಟಿದೆ ಎಂದು ವಾಪಸ್ ಕಳಿಸುವ ಮುನ್ನ ಸೆಲ್ ಇರುವ ಮುಚ್ಚಳ ತೆಗೆದು ನೋಡಿ. ಸೆಲ್ ಖಾಲಿಯಾಗದಿರಲೆಂದು ನಡುವೆ ತೆಳು ಪ್ಲಾಸ್ಟಿಕ್ ಚೂರು ಇಟ್ಟಿರುತ್ತಾರೆ, ಅದನ್ನು ಎಳೆದು ತೆಗೆಯಬೇಕು. ಆಮೇಲೆ ಯೂನಿಟ್ ಬಟನ್. ಬಹುತೇಕ ಇವು ಚೀನಾದಲ್ಲಿ ತಯಾರಾದವು. ಕೆಲವುಗಳಲ್ಲಿ ಕೆಜಿ, ಪೌಂಡ್ ಜೊತೆ 'ಜಿನ್' ಎಂಬ ಅಲ್ಲಿನ ಅಳತೆಯೂ ಇರುತ್ತದೆ, ಒಂದು ಜಿನ್ ಎಂದರೆ 500 ಗ್ರಾಂ. 23 ಕೆಜಿ ಬ್ಯಾಗ್ ಪೌಂಡಿನಲ್ಲಿ 50.7, ಜಿನ್ನಿನಲ್ಲಿ 46. ಎರಡೂ ಅಂಕಿ ಹತ್ತಿರ ಹತ್ತಿರ ಇರುವುದರಿಂದ ಮೋಸ ಹೋಗುವುದು ಸುಲಭ. 46 ಕಂಡವರು ಅದನ್ನು ಪೌಂಡ್ ಎಂದುಕೊಂಡು, 50 ಪೌಂಡ್ ಮಿತಿಗೆ ಇನ್ನೂ ನಾಲ್ಕು ಪೌಂಡ್ ಜಾಗವಿದೆ ಎಂದು ಸುಮಾರು ಎರಡು ಕೆಜಿ ಸೇರಿಸಿದರೆ ಬ್ಯಾಗ್ 25 ಕೆಜಿ ಮುಟ್ಟಿತು. ಪರದೆಯ ಮೂಲೆಯಲ್ಲಿರುವ ಸಣ್ಣ ಅಕ್ಷರ ಓದದೆ ದೊಡ್ಡ ಅಂಕಿಯನ್ನಷ್ಟೇ ಓದಬೇಡಿ.

ಇನ್ನು ಪರೀಕ್ಷೆ. ಹಿಡಿಕೆಯಿರುವ ಖಾಲಿ ಬಕೆಟ್ ತಗಲಿಸಿ ತೂಕ ಬರೆದಿಟ್ಟುಕೊಳ್ಳಿ. ಅಂಗಡಿಯಲ್ಲಿ ಸಿಗುವ ಸೀಲ್ ಮಾಡಿದ ಒಂದು ಲೀಟರಿನ ನೀರಿನ ಬಾಟಲಿ ಏಳು ಸುರಿದು ಮತ್ತೆ ತೂಗಿ. ಒಂದು ಲೀಟರ್ ನೀರು ಒಂದು ಕೆಜಿ, ಮನೆಯ ಉಷ್ಣಾಂಶದಲ್ಲಿ ಮೂರ್ನಾಲ್ಕು ಗ್ರಾಂ ಕಡಿಮೆ ಅಷ್ಟೇ. ಎರಡು ಅಂಕಿಗಳ ವ್ಯತ್ಯಾಸ 7 ಕೆಜಿಗೆ 50 ಗ್ರಾಂ ಆಚೀಚೆ ಇದ್ದರೆ ಸಂತೋಷ. ಆದರೆ 7 ಕೆಜಿಯಲ್ಲಿ ಸರಿಯಿದ್ದದ್ದು 20ರಲ್ಲಿ ಸರಿಯಿರಬೇಕೆಂದಿಲ್ಲ. ಅದಕ್ಕೆ ದಿನಸಿ ಅಂಗಡಿಗೆ ಹೋಗುವುದು ಉತ್ತಮ. ವ್ಯಾಪಾರಕ್ಕೆ ಬಳಸುವ ತಕ್ಕಡಿಗೆ ಕಾನೂನು ಮಾಪನ ಇಲಾಖೆಯ ಮುದ್ರೆ ಬೇಕು, ಕಾಲಕಾಲಕ್ಕೆ ಪರಿಶೀಲನೆಯೂ ಆಗಬೇಕು. ಪುಸ್ತಕ, ಇಟ್ಟಿಗೆ, ಏನಾದರೂ ತುಂಬಿದ ಗಟ್ಟಿ ಚೀಲ ಅಲ್ಲಿ ತೂಗಿಸಿ 20 ಕೆಜಿ ಹತ್ತಿರ ತಂದು, ಅದೇ ಚೀಲವನ್ನು ನಿಮ್ಮ ಕೈತಕ್ಕಡಿಗೆ ಹಾಕಿ. 20.00 ಬರಬೇಕಾದಲ್ಲಿ ಪ್ರತಿ ಸಲವೂ 19.80 ಬಂದರೆ ತಕ್ಕಡಿ ಎಸೆಯಬೇಕಾಗಿಲ್ಲ. ಅದು ಶೇಕಡಾ 1ರಷ್ಟು ಕಡಿಮೆ ತೋರಿಸುತ್ತದೆ ಎಂದು ಹಿಂಬದಿಗೆ ಚೀಟಿ ಅಂಟಿಸಿ ಬಳಸಿ. ಒಂದು ಸಲ 19.8, ಇನ್ನೊಂದು ಸಲ 20.3 ಎಂದು ಅಡ್ಡಾದಿಡ್ಡಿ ಬಂದರೆ ಮಾತ್ರ ವಾಪಸ್ ಕೊಡಿ. ಸೀಲ್ ಒಡೆಯದ ಅಕ್ಕಿ ಮೂಟೆಯಿಂದ ಪರೀಕ್ಷಿಸುವವರೂ ಇದ್ದಾರೆ. ಅದು ಬೇಡ. ದೊಡ್ಡ ಪ್ಯಾಕೆಟ್‌ಗಳಿಗೆ ನಿಯಮವೇ ಶೇಕಡಾ 1ರಷ್ಟು ಹೆಚ್ಚುಕಡಿಮೆ ಒಪ್ಪುತ್ತದೆ, 25 ಕೆಜಿಗೆ ಅದೇ 250 ಗ್ರಾಂ ಆಯಿತು, ಚೀಲದ ತೂಕ ಬೇರೆ.

ತಕ್ಕಡಿ ಸರಿಯಿದ್ದೂ ತೂಕ ತಪ್ಪಾಗುವುದು ಎತ್ತುವ ರೀತಿಯಿಂದ. ಮೊದಲು ತಕ್ಕಡಿಯನ್ನು ಖಾಲಿ ಹಿಡಿದು ಆನ್ ಮಾಡಿ, 0.00 ಬರಲಿ. ಸೂಟ್‌ಕೇಸಿಗೆ ಪಟ್ಟಿ ಬಿಗಿದು ಎಳೆದಿರುವಾಗ ಆನ್ ಮಾಡಿದರೆ ಆ ಎಳೆತವನ್ನೇ ಸೊನ್ನೆ ಎಂದು ಅದು ತಿಳಿಯುತ್ತದೆ, ಅಷ್ಟು ತೂಕ ಲೆಕ್ಕದಿಂದ ಹಾರಿಹೋಗುತ್ತದೆ. ಎತ್ತುವುದು ನಿಧಾನವಾಗಿರಲಿ. ಒಂದೇ ಸಲ ಝಗ್ಗನೆ ಎತ್ತಿದರೆ ಆ ಜೋರಿಗೆ ಅಂಕಿ ಒಂದೆರಡು ಕೆಜಿ ಮೇಲೇರುತ್ತದೆ, ಕೆಲವು ಯಂತ್ರಗಳು ಅದನ್ನೇ ಹಿಡಿದಿಟ್ಟು ಬೀಪ್ ಎನ್ನುತ್ತವೆ. ಬ್ಯಾಗ್ ತೊಡೆಗೆ ತಾಗಬಾರದು, ಚಕ್ರ ನೆಲಕ್ಕೆ ತಾಗಬಾರದು. ತಾಗಿದರೆ ತೂಕ ಕಡಿಮೆ ಬರುತ್ತದೆ, ಇದು ಕೌಂಟರಿನಲ್ಲಿ ಕೈಕೊಡುವ ತಪ್ಪು. ತಕ್ಕಡಿಯನ್ನು ಓರೆಯಾಗಿ ಹಿಡಿದರೂ ಅಷ್ಟೇ. ಹತ್ತು ಡಿಗ್ರಿ ವಾಲಿದರೆ ಶೇಕಡಾ ಒಂದೂವರೆ ಕಡಿಮೆ, 23 ಕೆಜಿ ಬ್ಯಾಗ್ 22.65 ಎಂದು ತೋರಿಸುತ್ತದೆ. ಮೂರು ಸಲ ತೂಗಿ, ಮೂರೂ ನೂರು ಗ್ರಾಂ ಒಳಗೆ ಕೂಡಿಬಂದರೆ ಅವುಗಳಲ್ಲಿ ದೊಡ್ಡ ಅಂಕಿಯನ್ನು ಹಿಡಿಯಿರಿ.

ಈ ಎಲ್ಲ ತಪ್ಪನ್ನೂ ಒಂದೇ ಏಟಿಗೆ ನೀಗಿಸುವ ಉಪಾಯ ಹಳೆಯ ಮನೆಗಳಲ್ಲಿದೆ. ತೊಟ್ಟಿಲಿಗೋ ಉಯ್ಯಾಲೆಗೋ ಜಂತೆಗೆ ಹಾಕಿದ ಕಬ್ಬಿಣದ ಕೊಂಡಿ ಇದ್ದರೆ ಅದರಿಂದ ಗಟ್ಟಿ ಹಗ್ಗ ಇಳಿಬಿಟ್ಟು ತಕ್ಕಡಿಯನ್ನು ಅದಕ್ಕೆ ಕಟ್ಟಿ. ಬ್ಯಾಗ್ ಸಿಕ್ಕಿಸಿ ಕೈ ಬಿಟ್ಟರೆ ನೇರವಾಗಿ ತೂಗಾಡುತ್ತದೆ, ನಡುಕವೂ ಇಲ್ಲ, ಓರೆಯೂ ಇಲ್ಲ. ಕೊಂಡಿ ಇಲ್ಲದ ಮನೆಯಲ್ಲಿ ತಕ್ಕಡಿಯ ಕೈಹಿಡಿಯೊಳಗೆ ಗಟ್ಟಿ ಕಬ್ಬಿಣದ ಪೈಪ್ ತೂರಿಸಿ ಎರಡೂ ತುದಿಯಲ್ಲಿ ಇಬ್ಬರು ಹಿಡಿದು ಎತ್ತಬಹುದು. ವಯಸ್ಸಾದವರು ಮಗನ ಮನೆಗೋ ಮಗಳ ಬಾಣಂತನಕ್ಕೋ ಹೊರಟಿದ್ದರೆ ಒಬ್ಬರೇ ಎತ್ತುವ ಸಾಹಸ ಖಂಡಿತ ಬೇಡ.

ಅಂಕಿ ಬಂತು, ಅದನ್ನು ಯಾವುದಕ್ಕೆ ಹೋಲಿಸಬೇಕು? ಟಿಕೆಟ್ ಓದಿ. ಅಮೆರಿಕದ ಕಡೆಗೆ ಹೋಗುವ ಟಿಕೆಟ್‌ಗಳಲ್ಲಿ ಸಾಮಾನ್ಯವಾಗಿ ಬ್ಯಾಗುಗಳ ಎಣಿಕೆ ಇರುತ್ತದೆ, ಪ್ರತಿ ಬ್ಯಾಗಿಗೂ 23 ಕೆಜಿ ಮಿತಿ. ಎರಡು ಬ್ಯಾಗ್ ಇದ್ದು ಒಂದು 25, ಇನ್ನೊಂದು 21 ಆದರೆ ಒಟ್ಟು 46 ಎಂದು ವಾದಿಸಲಾಗದು, 25ರದ್ದಕ್ಕೆ ದಂಡ ಬೀಳುತ್ತದೆ. ಬೆಂಗಳೂರು, ಮಂಗಳೂರಿನಿಂದ ಗಲ್ಫ್ ಕಡೆಗೆ ಹೋಗುವವರಿಗೆ ಹೆಚ್ಚಾಗಿ ಒಟ್ಟು ತೂಕದ ಲೆಕ್ಕ, 30 ಕೆಜಿ ಎಂದಿದ್ದರೆ ಎರಡು ಬ್ಯಾಗಿಗೆ ಹಂಚಿಕೊಳ್ಳಬಹುದು. ಯಾವ ಲೆಕ್ಕವಾದರೂ ಒಂದೇ ಬ್ಯಾಗ್ 32 ಕೆಜಿ ದಾಟುವಂತಿಲ್ಲ. ಅದು ಲೋಡ್ ಮಾಡುವವರ ಬೆನ್ನಿನ ರಕ್ಷಣೆಗಾಗಿ ಇರುವ ಮಿತಿ, ಹಣ ಕೊಟ್ಟರೂ ಸಾಮಾನ್ಯವಾಗಿ ಒಪ್ಪುವುದಿಲ್ಲ. ಎಣಿಕೆಯ ಲೆಕ್ಕದ ಟಿಕೆಟ್‌ಗಳಲ್ಲಿ ಗಾತ್ರವನ್ನೂ ನೋಡುತ್ತಾರೆ: ಉದ್ದ, ಅಗಲ, ಎತ್ತರ ಕೂಡಿಸಿ 158 ಸೆಂಟಿಮೀಟರ್, ಚಕ್ರ ಮತ್ತು ಹಿಡಿ ಸೇರಿ. ಟೇಪ್ ಇರುವ ತಕ್ಕಡಿಯನ್ನು ನಾನು ಮೆಚ್ಚುವುದು ಇದಕ್ಕೇ.

ಹುಬ್ಬಳ್ಳಿಯಿಂದಲೋ ಬೆಳಗಾವಿಯಿಂದಲೋ ದೇಶದೊಳಗಿನ ವಿಮಾನ ಹಿಡಿದು ಬೆಂಗಳೂರಿಗೋ ಮುಂಬೈಗೋ ಬಂದು ವಿದೇಶಕ್ಕೆ ಹೋಗುವವರು ಇನ್ನೊಂದು ಗಮನಿಸಬೇಕು. ಎರಡೂ ಒಂದೇ ಟಿಕೆಟ್‌ನಲ್ಲಿದ್ದರೆ ವಿದೇಶ ಪ್ರಯಾಣದ ಮಿತಿಯೇ ಮೊದಲಿನಿಂದ ಅನ್ವಯವಾಗುವುದು ವಾಡಿಕೆ. ಬೇರೆ ಬೇರೆಯಾಗಿ ಬುಕ್ ಮಾಡಿದ್ದರೆ ಮೊದಲ ವಿಮಾನದಲ್ಲಿ ಸಾಮಾನ್ಯವಾಗಿ 15 ಕೆಜಿಯಷ್ಟೇ. ತಕ್ಕಡಿ 22.5 ತೋರಿಸಿತು ಎಂದು ನಿಶ್ಚಿಂತೆಯಿಂದ ಹೊರಟವರಿಗೆ ಊರಿನ ಏರ್‌ಪೋರ್ಟಿನಲ್ಲೇ ತಡೆ.

ಕೈಚೀಲವನ್ನು ತೂಗದೆ ಬಿಡುವವರೇ ಹೆಚ್ಚು. ಎಕಾನಮಿಯಲ್ಲಿ ಎಮಿರೇಟ್ಸ್, ಸಿಂಗಪುರ ಏರ್‌ಲೈನ್ಸ್, ಕತಾರ್ ಏರ್‌ವೇಸ್‌ಗಳಲ್ಲಿ 7 ಕೆಜಿ, ಲುಫ್ತಾನ್ಸಾದಲ್ಲಿ 8. ಬ್ರಿಟಿಷ್ ಏರ್‌ವೇಸ್‌ನಲ್ಲಿ 23 ಕೆಜಿವರೆಗೆ ಇದೆ, ತಲೆ ಮೇಲಿನ ಗೂಡಿಗೆ ನೀವೇ ಎತ್ತಿಡುವಂತಿರಬೇಕು. ಲ್ಯಾಪ್‌ಟಾಪ್, ಚಾರ್ಜರ್, ಕಾಗದಪತ್ರದ ಫೈಲ್, ಔಷಧಿ, ಒಂದು ಜೊತೆ ಬಟ್ಟೆ ಸೇರಿದರೆ 7 ಕೆಜಿ ಬಹುಬೇಗ ತುಂಬುತ್ತದೆ, ಚಕ್ರದ ಟ್ರಾಲಿಯಾದರೆ ಅದರದ್ದೇ ಎರಡು, ಎರಡೂವರೆ ಕೆಜಿ.

ಇದರಿಂದಲೇ ಮೊದಲ ತೂಕ ಖಾಲಿ ಸೂಟ್‌ಕೇಸಿನದ್ದಾಗಿರಬೇಕು. 28 ಇಂಚಿನ ಗಟ್ಟಿ ಮೈಯ ಸೂಟ್‌ಕೇಸ್ ನಾಲ್ಕರಿಂದ ಐದು ಕೆಜಿ ತಾನೇ ತಿನ್ನುತ್ತದೆ, ಸಾಮಾನಿಗೆ ಉಳಿಯುವುದು ಹದಿನೆಂಟು ಕೆಜಿ. ಈ ಅಂಕಿ ಮನೆಯವರೆಲ್ಲರಿಗೂ ಮೊದಲೇ ಗೊತ್ತಾದರೆ ಹಪ್ಪಳ, ಸಂಡಿಗೆ, ಪುಡಿಗಳ ಪಟ್ಟಿ ತಾನಾಗಿ ಹದಕ್ಕೆ ಬರುತ್ತದೆ. ಮೂರು ದಿನ ಮುಂಚೆ ಅರ್ಧ ತುಂಬಿ ಒಮ್ಮೆ ತೂಗಿ. ಹೊರಡುವ ಹಿಂದಿನ ರಾತ್ರಿ ಎಲ್ಲ ತುಂಬಿ ಮತ್ತೊಮ್ಮೆ. ಬೀಗ, ಹಗ್ಗ, ಪ್ಲಾಸ್ಟಿಕ್ ಸುತ್ತು ಎಲ್ಲ ಆದ ಮೇಲೆ ಕೊನೆಯದು. ಬೆಳಿಗ್ಗೆ ಎದ್ದ ಮೇಲೆ ಸೇರುವ ಸಾಮಾನುಗಳಿವೆಯಲ್ಲ, ಚಪ್ಪಲಿ, ಟವೆಲ್, ಸ್ನಾನದ ಸಾಮಾನು, ಅವನ್ನೆಲ್ಲ ಒಂದು ಬಟ್ಟೆ ಚೀಲಕ್ಕೆ ಹಾಕಿ ಮುಂಚೆಯೇ ತೂಗಿಡಿ. ಒಂದೂವರೆ ಕೆಜಿಗೆ ಕಡಿಮೆ ಬರುವುದು ಅಪರೂಪ. ಒದ್ದೆ ಟವೆಲ್ ಇನ್ನೂ ಭಾರ. ಪರೀಕ್ಷೆ ಮಾಡಿದ ತಕ್ಕಡಿಯಾದರೆ 22.5ಕ್ಕೆ ನಿಲ್ಲಿಸಿ, ಮಾಡದಿದ್ದರೆ 22 ದಾಟಬೇಡಿ.

ಹೆಚ್ಚಾದದ್ದನ್ನು ಎಲ್ಲಿಗೆ ಸರಿಸಬೇಕು ಎಂಬುದು ಮನೆಯಲ್ಲೇ ತೀರ್ಮಾನವಾಗಲಿ, ಯಾಕೆಂದರೆ ಕೌಂಟರಿನೆದುರು ಕೈಗೆ ಮೊದಲು ಸಿಗುವ ಭಾರದ ವಸ್ತುಗಳೇ ಕೈಚೀಲಕ್ಕೆ ಹೋಗಬಾರದವು. ಉಪ್ಪಿನಕಾಯಿ ಭರಣಿ, ತುಪ್ಪ, ಗೊಜ್ಜು ಇವು ತಪಾಸಣೆಯವರ ಕಣ್ಣಿಗೆ ದ್ರವ. 100 ಮಿಲಿಲೀಟರಿಗಿಂತ ದೊಡ್ಡ ಡಬ್ಬಿ ದಾಟುವುದಿಲ್ಲ. ಹುಳಿಪುಡಿ, ಚಟ್ನಿಪುಡಿ ಪುಡಿಯಲ್ಲವೇ ಎಂದರೆ, ಅಮೆರಿಕಕ್ಕೆ ಹೋಗುವ ವಿಮಾನಗಳಲ್ಲಿ 350 ಮಿಲಿಲೀಟರ್ ಡಬ್ಬಿಗಿಂತ ಹೆಚ್ಚಿನ ಪುಡಿಗೆ 2018ರಿಂದ ಪ್ರತ್ಯೇಕ ತಪಾಸಣೆ ಇದೆ, ಅನುಮಾನ ಬಂದರೆ ಅಲ್ಲೇ ತೆಗೆದಿಡುತ್ತಾರೆ. ಚಾಕು, ಕತ್ತರಿ, ತುರಿಮಣೆ ಹೇಳಲೇಬೇಕಿಲ್ಲ. ಕೈಚೀಲಕ್ಕೆ ಧಾರಾಳವಾಗಿ ಹೋಗುವುದು ಪುಸ್ತಕ, ಬಟ್ಟೆ, ಶೂ, ಕೋಡುಬಳೆಯಂಥ ಒಣ ತಿಂಡಿ. ಅವನ್ನು ಸೂಟ್‌ಕೇಸಿನ ಮೇಲ್ಪದರದಲ್ಲಿ, ಎರಡು ಕೆಜಿಯ ಒಂದೇ ಗಂಟಾಗಿ ಇಡಿ. ಬೇಕಾದರೆ ಅರ್ಧ ನಿಮಿಷದಲ್ಲಿ ಹೊರಗೆ ಬರುತ್ತದೆ. ಹಾಗೆಯೇ ಕೈಚೀಲ ಭಾರವಾಯಿತೆಂದು ಪವರ್ ಬ್ಯಾಂಕ್ ಅನ್ನು ಸೂಟ್‌ಕೇಸಿಗೆ ದಾಟಿಸುವಂತಿಲ್ಲ. ಅದು ಕೈಚೀಲದಲ್ಲೇ ಇರಬೇಕು, 100 ವ್ಯಾಟ್ ಅವರ್ ಒಳಗಿರಬೇಕು. 20,000 ಎಂಎಎಚ್ ಎಂದರೆ 3.7 ವೋಲ್ಟಿನಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ 74, ತೊಂದರೆಯಿಲ್ಲ.

ತೂಕ ಇಳಿಸಬೇಕಾದವರು ಮೊದಲು ಕೈಹಾಕಬೇಕಾದದ್ದು ಹೇಗೂ ಒಯ್ಯಲಾಗದ ವಸ್ತುಗಳಿಗೆ. ತಿಪಟೂರಿನ ಉಂಡೆ ಕೊಬ್ಬರಿ ಎಷ್ಟೇ ಪ್ರೀತಿಯದ್ದಾದರೂ ವಿಮಾನಕ್ಕಲ್ಲ. ಎಣ್ಣೆಯಂಶ ಹೆಚ್ಚಿರುವ ಒಣ ಕೊಬ್ಬರಿ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಪಟ್ಟಿಯಲ್ಲಿದೆ, ಎಕ್ಸ್‌ರೇಯಲ್ಲಿ ಗುಂಡಗೆ ಕಂಡರೆ ಬ್ಯಾಗ್ ತೆಗೆಸುತ್ತಾರೆ. ಹಸಿ ಕರಿಬೇವು ಅಮೆರಿಕಕ್ಕೆ ನಿಷಿದ್ಧ. ಕಿತ್ತಳೆ, ನಿಂಬೆ ಗಿಡಗಳಿಗೆ ರೋಗ ಹರಡುವ ಕೀಟ ಅದರಲ್ಲಿ ಬರುತ್ತದೆ. ಗಸಗಸೆಯನ್ನು ಯುಎಇ, ಸಿಂಗಪುರಗಳಿಗೆ ಒಂದು ಚಮಚವೂ ಒಯ್ಯಬೇಡಿ, ಅಲ್ಲಿ ಅದು ಮಾದಕ ವಸ್ತುವಿನ ಕಾಯ್ದೆಗೆ ಬರುತ್ತದೆ, ಜೈಲಿನ ಮಾತು. ಯುರೋಪಿನ ಒಕ್ಕೂಟದ ದೇಶಗಳಿಗೆ ಹಾಲಿನ ಪದಾರ್ಥ ಬಿಡುವುದಿಲ್ಲ. ಧಾರವಾಡ ಪೇಡ, ಬೆಳಗಾವಿ ಕುಂದಾ ಇಲ್ಲೇ ತಿಂದು ಹೊರಡುವುದು ಮೇಲು. ಇಷ್ಟು ತೆಗೆದರೆ ಎಷ್ಟೋ ಮನೆಗಳಲ್ಲಿ ಎರಡು ಕೆಜಿ ತಾನೇ ಇಳಿಯುತ್ತದೆ.

ಉಳಿದದ್ದನ್ನು ಏರ್‌ಪೋರ್ಟಿನಲ್ಲಿ ಬೀಳ್ಕೊಡಲು ಬಂದವರ ಕೈಗೆ ಕೊಟ್ಟರಾಯಿತು ಎಂಬ ಲೆಕ್ಕವೂ ಕೈಗೂಡುವುದಿಲ್ಲ. ಬೆಂಗಳೂರಿನಲ್ಲಿ 2023ರ ಸೆಪ್ಟೆಂಬರಿನಿಂದ ವಿದೇಶ ವಿಮಾನಗಳೆಲ್ಲ ಎರಡನೇ ಟರ್ಮಿನಲ್‌ನಿಂದ ಹೊರಡುತ್ತವೆ. ಕೌಂಟರಿರುವ ಒಳಭಾಗಕ್ಕೆ ಪ್ರಯಾಣಿಕರಷ್ಟೇ ಹೋಗುವುದು, ಬೀಳ್ಕೊಡುವವರು ಬಾಗಿಲಲ್ಲೇ ಉಳಿಯುತ್ತಾರೆ. ಅಮ್ಮ ಕಟ್ಟಿಕೊಟ್ಟ ಡಬ್ಬಿ ಕಸದ ಬುಟ್ಟಿಗೆ ಹಾಕುವ ಸಂಕಟ ಅಲ್ಲಿ ಎಷ್ಟೋ ಮಂದಿಗೆ ಆಗುತ್ತದೆ. ಬ್ಯಾಗ್ ಕೌಂಟರಿನಿಂದ ಒಳಗೆ ಸಾಗುವವರೆಗೆ ಮನೆಯವರು ಹೊರಗೆ ಕಾಯಲಿ, ಫೋನ್ ಬಂದ ಮೇಲೆ ಹೊರಡಲಿ.

ಬದಲಿಗಳ ಬಗ್ಗೆ ಸಂಕ್ಷಿಪ್ತವಾಗಿ. ಮನುಷ್ಯರ ತೂಕ ನೋಡುವ ತಟ್ಟೆಯ ಯಂತ್ರದ ಮೇಲೆ ಬ್ಯಾಗ್ ಹಿಡಿದು ನಿಂತು, ಆಮೇಲೆ ಬರಿಗೈಯಲ್ಲಿ ನಿಂತು ಕಳೆಯಬಹುದು. ಎರಡು ಸಲದ ತಪ್ಪೂ ಕೂಡಿಕೊಳ್ಳುತ್ತದೆ, ದೊಡ್ಡ ಸೂಟ್‌ಕೇಸ್ ಹಿಡಿದಾಗ ಅಂಕಿಯೇ ಕಾಣುವುದಿಲ್ಲ. ತಾಳೆ ನೋಡಲು ಸಾಕು. ಮುಳ್ಳಿನ ಸ್ಪ್ರಿಂಗ್ ತಕ್ಕಡಿಗೆ ಸೆಲ್ ಬೇಡ, ಆದರೆ ಗೆರೆಗಳು ಅರ್ಧ ಕೆಜಿಗೊಂದು ಇರುತ್ತವೆ, ಸ್ಪ್ರಿಂಗ್ ದಿನ ಕಳೆದಂತೆ ಸಡಿಲವಾಗುತ್ತದೆ. ಐದು ವರ್ಷಕ್ಕೊಮ್ಮೆ ಹೋಗುವವರು ಏನನ್ನೂ ಕೊಳ್ಳಬೇಡಿ, ನೆರೆಮನೆಯವರಿಂದ ಎರವಲು ತನ್ನಿ.

ಈ ಯಂತ್ರದ ದೊಡ್ಡ ಕೊರತೆ ಅದರ ಸೆಲ್. ಅನೇಕ ಮಾದರಿಗಳಲ್ಲಿ ಗುಂಡಿಯಂಥ ಸೆಲ್ ಇರುತ್ತದೆ, ಸಿಆರ್ 2032 ಸಾಮಾನ್ಯ. ವರ್ಷವಿಡೀ ಕಪಾಟಿನಲ್ಲಿ ಮಲಗಿದ್ದು ಹೊರಡುವ ಹಿಂದಿನ ರಾತ್ರಿ ಹತ್ತು ಗಂಟೆಗೆ ಪರದೆಯಲ್ಲಿ 'ಲೋ' ಎಂದು ಬರುತ್ತದೆ, ಆ ಹೊತ್ತಿಗೆ ಅಂಗಡಿ ಮುಚ್ಚಿರುತ್ತದೆ. ಪೆನ್ ಟಾರ್ಚಿಗೆ ಹಾಕುವ ಸಣ್ಣ ಸೆಲ್‌ನ ಮಾದರಿ ಸಿಕ್ಕರೆ ಅದನ್ನೇ ಆರಿಸಿ. ನೆಲಕ್ಕೆ ಬಿದ್ದ ತಕ್ಕಡಿಯನ್ನು ಮತ್ತೆ ಬಕೆಟ್ ಪರೀಕ್ಷೆಗೆ ಒಡ್ಡದೆ ಬಳಸಬೇಡಿ. ಬ್ಯಾಗನ್ನು ಅದಕ್ಕೆ ತಗಲಿಸಿ ಗಂಟೆಗಟ್ಟಲೆ ಬಿಡಬೇಡಿ, ಲೋಹ ಸ್ವಲ್ಪ ಸ್ವಲ್ಪವೇ ಬಾಗುತ್ತಾ ಅಂಕಿ ಜರುಗುತ್ತದೆ.

ಪ್ರಯಾಣಕ್ಕೆ ತಕ್ಕಡಿಯನ್ನೂ ಜೊತೆಗೊಯ್ಯಿರಿ, ನೂರು ಗ್ರಾಂ ಚಿಲ್ಲರೆ ತೂಕ ಅಷ್ಟೇ. ಮರಳುವಾಗ ಚಾಕೊಲೇಟು, ಉಡುಗೊರೆಗಳಿಂದ ಬ್ಯಾಗ್ ಮತ್ತೆ ಉಬ್ಬಿರುತ್ತದೆ. ಅಮೆರಿಕದಲ್ಲಿ ತೂಕವನ್ನು ಪೌಂಡಿನಲ್ಲಿ ಹೇಳುತ್ತಾರೆ, ಅಲ್ಲಿ 50 ಪೌಂಡಿಗೆ ನಿಲ್ಲಿಸಿ, ಕೆಜಿಯಲ್ಲಿ ಅದು 22.68. ಊರಿಗೆ ಬಂದು ಎತ್ತಿಡುವಾಗ ಸೆಲ್ ತೆಗೆದು, ತಕ್ಕಡಿಯ ಪಟ್ಟಿಗೇ ಪುಟ್ಟ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ.